ಕ್ಯಾಸಿನೊ ಟೂರ್ನಮೆಂಟಿಗೆ ‘ಪಣದ ತಂತ್ರ’ ಕಲಿಸುವವರ ಬಗ್ಗೆ ಎಚ್ಚರವಿರಲಿ

ಬದಿಯಡ್ಕ, ಕುಂಬಳೆ ಕಡೆಯ ಅಡಿಕೆ ಕೃಷಿಕರನ್ನೂ ರಜೆಗೆ ಊರಿಗೆ ಬಂದ ಗಲ್ಫ್ ಉದ್ಯೋಗಿಗಳನ್ನೂ ಗುರಿಯಾಗಿಟ್ಟುಕೊಂಡು, ಬ್ಲ್ಯಾಕ್‌ಜಾಕ್ (ಎಲೆಗಳ ಮೊತ್ತ 21 ದಾಟದಂತೆ ಅದರ ಹತ್ತಿರಕ್ಕೆ ಬರಬೇಕಾದ ಇಸ್ಪೀಟಾಟ) ಟೂರ್ನಮೆಂಟಿನಲ್ಲಿ ಗೆಲ್ಲುವ ಪಣದ ಕ್ರಮವನ್ನು ಕಲಿಸಿ ಗೋವಾಕ್ಕೂ ಕರೆದೊಯ್ಯುವುದಾಗಿ ಹೇಳಿಕೊಂಡು ತಿರುಗುವ ಒಬ್ಬ ‘ಕೋಚ್’ ನನ್ನ ಭಾವನವರಿಂದ ದೊಡ್ಡ ಮೊತ್ತದ ಶುಲ್ಕವನ್ನು ವಸೂಲು ಮಾಡಿದ್ದಾನೆ. ಕಾಸರಗೋಡಿನ ಲಾಡ್ಜೊಂದರ ಸಭಾಂಗಣದಲ್ಲಿ ನಡೆದ ತರಗತಿಗೂ, ಆಮೇಲೆ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿಗೂ ಭಾವನ ಜತೆಗೆ ನಾನೂ ಹೋಗಿದ್ದುದರಿಂದ, ನಡೆದುದನ್ನು ಕಣ್ಣಾರೆ ಕಂಡವನಾಗಿ ಬರೆಯುತ್ತಿದ್ದೇನೆ. ನಮ್ಮೂರಿನ ಬಸ್ ನಿಲ್ದಾಣದಲ್ಲಿ ಕೇರಳ ಲಾಟರಿ ಮಾರುವವರು ಟಿಕೆಟನ್ನಷ್ಟೇ ಮಾರುತ್ತಾರೆ, ಗೆಲ್ಲುವ ವಿದ್ಯೆಯನ್ನು ಮಾರುವುದಿಲ್ಲ. ಅಷ್ಟು ಪ್ರಾಮಾಣಿಕತೆಯೂ ಈತನಲ್ಲಿ ಕಾಣಲಿಲ್ಲ.

ತರಗತಿಯಲ್ಲಿ ಹಂಚಿದ ಹಾಳೆಯಲ್ಲಿ ಮುಖ್ಯವಾಗಿ ಎರಡು ಸೂತ್ರಗಳಿದ್ದವು. ಸೋತಾಗ ಮುಂದಿನ ಪಣವನ್ನು ಇಮ್ಮಡಿ ಮಾಡಬೇಕೆಂಬುದು ಒಂದು, ಮುಂದಿದ್ದಾಗ ಕನಿಷ್ಠ ಪಣ ಹಾಕಿ ಗಂಟನ್ನು ಕಾಯ್ದುಕೊಳ್ಳಬೇಕೆಂಬುದು ಇನ್ನೊಂದು. ಟೂರ್ನಮೆಂಟಿನ ಮೇಜಿನ ಮೇಲೆ ಈ ಎರಡೂ ಕೈಕೊಡುತ್ತವೆ. ಎಲ್ಲರಿಗೂ ಸಮಾನ ಚಿಪ್ಸ್ (ಪಣಕ್ಕಿಡುವ ಬಿಲ್ಲೆಗಳು) ಕೊಟ್ಟು, ನಿಗದಿತ ಸಂಖ್ಯೆಯ ಕೈಗಳನ್ನು (ಒಂದೊಂದು ಸಲ ಎಲೆ ಹಂಚಿ ಆಡುವ ಆಟಗಳನ್ನು) ಆಡಿಸಿ, ಕೊನೆಗೆ ಹೆಚ್ಚು ಚಿಪ್ಸ್ ಉಳಿಸಿಕೊಂಡವರನ್ನು ಮುಂದಿನ ಸುತ್ತಿಗೆ ಕಳುಹಿಸುವುದು ಅಲ್ಲಿನ ಪದ್ಧತಿ. ಆ ಚಿಪ್ಸಿಗೆ ಹಣದ ಬೆಲೆಯಿಲ್ಲ. ಹಾಗಾಗಿ ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವ ಡೀಲರನನ್ನು ಸೋಲಿಸಿದರೆ ಸಾಲದು, ಪಕ್ಕದಲ್ಲಿ ಕುಳಿತವರಿಗಿಂತ ಮುಂದಿರಬೇಕು. ಇಡೀ ತರಗತಿಯಲ್ಲಿ ಈ ಮಾತು ಒಮ್ಮೆಯೂ ಬರಲಿಲ್ಲ.

ಇಮ್ಮಡಿಯ ಸೂತ್ರವಂತೂ ಹಡಗು ಹತ್ತಿ ನಿಯಮಾವಳಿಯನ್ನು ಓದಿದೊಡನೆಯೇ ಬಿದ್ದುಹೋಯಿತು. ಕನಿಷ್ಠ ಪಣ 100, ಗರಿಷ್ಠ ಪಣ 1,500 ಎಂದು ಅದರಲ್ಲಿತ್ತು. 100, 200, 400, 800 ಎಂದು ನಾಲ್ಕು ಬಾರಿ ಸತತ ಸೋತರೆ ಐದನೆಯ ಬಾರಿಗೆ 1,600 ಬೇಕು, ಆದರೆ ಅಷ್ಟನ್ನು ಹಾಕಲು ಮೇಜು ಬಿಡುವುದಿಲ್ಲ. ಈ ನಿಯಮಾವಳಿಯನ್ನು ಮೊದಲೇ ಕೊಡಿ ಎಂದು ಕಾಸರಗೋಡಿನಲ್ಲಿ ನಾನು ಕೇಳಿದಾಗ, ಅದು ಅಲ್ಲಿಗೆ ಹೋದ ಮೇಲಷ್ಟೇ ಸಿಗುತ್ತದೆಂದು ಕೋಚ್ ಜಾರಿಕೊಂಡಿದ್ದ.

ಎರಡನೆಯ ಸೂತ್ರದಿಂದಾದ ನಷ್ಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊನೆಯ ಕೈ ಬಂದಾಗ ಭಾವನ ಬಳಿ 8,000 ಚಿಪ್ಸ್, ಎರಡನೆಯ ಸ್ಥಾನದಲ್ಲಿದ್ದ ಹೈದರಾಬಾದಿನ ಒಬ್ಬರ ಬಳಿ 7,000 ಚಿಪ್ಸ್ ಇದ್ದವು. ಮೇಜಿನಿಂದ ಮುಂದಕ್ಕೆ ಹೋಗುವವರು ಒಬ್ಬರೇ. ಮೊದಲು ಪಣ ಹಾಕುವ ಸರದಿ ಭಾವನದು, ಎಲ್ಲರ ಪಣವನ್ನೂ ನೋಡಿ ಕೊನೆಗೆ ಹಾಕುವ ಅನುಕೂಲ ಆ ಎದುರಾಳಿಯದು. ಹಾಳೆಯಲ್ಲಿದ್ದಂತೆ ಭಾವ 100 ಇಟ್ಟರು. ಅದನ್ನು ಕಂಡ ಎದುರಾಳಿ ಒಂದು ಕ್ಷಣವೂ ಯೋಚಿಸದೆ 1,500 ಇಟ್ಟರು. ಡೀಲರನ ಎಲೆಗಳು 21 ದಾಟಿ ಒಡೆದವು, ಇಬ್ಬರೂ ಗೆದ್ದರು. ಭಾವನದು 8,100 ಆಯಿತು, ಅವರದು 8,500. ಭಾವ ಕೈ ಗೆದ್ದೂ ಹೊರಬಿದ್ದರು.

ಅಲ್ಲಿ 800 ಇಟ್ಟಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಗೆದ್ದರೆ 8,800 ಆಗುವುದರಿಂದ ಎದುರಾಳಿ ಗರಿಷ್ಠ ಪಣ ಗೆದ್ದು 8,500ಕ್ಕೆ ಬಂದರೂ ಭಾವನೇ ಮುಂದೆ. ಸೋತರೂ 7,200 ಉಳಿಯುವುದರಿಂದ ಎದುರಾಳಿ ಸುಮ್ಮನೆ ಕುಳಿತು 7,000ದೊಂದಿಗೆ ದಾಟುವಂತಿರಲಿಲ್ಲ. ಕೈಯ ನಡುವೆ ಪಣ ಹೆಚ್ಚಿಸುವ ‘ಡಬಲ್’, ‘ಸ್ಪ್ಲಿಟ್’ಗಳನ್ನೂ ಮೊದಲ ಎರಡೇ ಎಲೆಗಳಲ್ಲಿ 21 ಬಂದರೆ (ಅದೇ ‘ಬ್ಲ್ಯಾಕ್‌ಜಾಕ್’) ಸಿಗುವ ಒಂದೂವರೆ ಪಟ್ಟನ್ನೂ ಬಿಟ್ಟು ನೋಡಿದರೆ, ಭಾವ ಗೆಲ್ಲದೆ ತಾನೊಬ್ಬರೇ ಗೆದ್ದಾಗ ಮಾತ್ರ ಅವರು ಮೇಲೆ ಬರುತ್ತಿದ್ದರು. ಟೂರ್ನಮೆಂಟಿನ ತಂತ್ರವೆಂದರೆ ಬಹುಪಾಲು ಇಂಥ ಕೂಡಿಸಿ ಕಳೆಯುವ ಲೆಕ್ಕವೇ; ಅದನ್ನು ಕಲಿತವರೂ ಎಲೆ ಕೈಹಿಡಿಯದಿದ್ದರೆ ಸೋಲುತ್ತಾರೆ. ಕೋಚ್ ಅಷ್ಟನ್ನೂ ಕಲಿಸಿರಲಿಲ್ಲ.

ಭಾವ ಮೇಜಿನಿಂದ ಏಳುತ್ತಿದ್ದಂತೆಯೇ ಈತ ಬಳಿಗೆ ಬಂದು, ಮತ್ತೊಮ್ಮೆ ಪ್ರವೇಶ ಶುಲ್ಕ ಕಟ್ಟಿದರೆ ಮುಂದಿನ ತಂಡದೊಂದಿಗೆ ಕೂರಬಹುದೆಂದು ಒತ್ತಾಯಿಸಿದ. ನಮ್ಮೊಂದಿಗೆ ಬಂದಿದ್ದ ಕೆಲವರು ಅವನ ಮಾತಿಗೆ ಮಣಿದು ಹಣ ಕಟ್ಟಿದರು. ಬಹುಮಾನ 10,000 ರೂಪಾಯಿ ಮೀರಿದರೆ ಶೇಕಡಾ 30ರಷ್ಟು ತೆರಿಗೆ ಮೊದಲೇ ಕಡಿತವಾಗುತ್ತದೆಂಬುದನ್ನು ಯಾರಿಗೂ ತಿಳಿಸಿರಲಿಲ್ಲ. ಊರಿಗೆ ಮರಳಿದ ಮೇಲೆ ‘ಅಭ್ಯಾಸಕ್ಕೆ’ ಎಂದು ಹಣವಿಟ್ಟು ಆಡುವ ಆ್ಯಪ್‌ವೊಂದರ ಲಿಂಕನ್ನೂ ಕಳುಹಿಸಿದ್ದಾನೆ. ಆನ್‌ಲೈನಿನಲ್ಲಿ ಹಣವಿಟ್ಟು ಆಡಿಸುವುದನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯು ನಿಷೇಧಿಸಿದೆ. ಅಂಥ ಆ್ಯಪ್‌ಗೆ ಹಾಕಿದ ಹಣವನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಶುಲ್ಕವನ್ನು ವಾಪಸು ಕೇಳೋಣವೆಂದು ರಸೀದಿಯನ್ನು ತೆಗೆದು ನೋಡಿದರೆ, ಅದರಲ್ಲಿ ಬರೆದಿರುವುದು ‘ವ್ಯಕ್ತಿತ್ವ ವಿಕಸನ ತರಬೇತಿ’ ಎಂದು. ವಿಳಾಸವಿಲ್ಲ, ಜಿಎಸ್‌ಟಿ ಸಂಖ್ಯೆಯಿಲ್ಲ, ಗೋವಾದ ಹೆಸರೂ ಇಲ್ಲ. ಮುಂದಿನ ತರಗತಿಯನ್ನು ಉಪ್ಪಳದಲ್ಲಿ ನಡೆಸುವನೆಂದು ಕೇಳಿದ್ದೇನೆ. ಆ ಕಡೆಯವರು ಯಾರಾದರೂ ಹೋಗುವುದಿದ್ದರೆ, ಹಣ ಕೊಡುವ ಮೊದಲು ಟೂರ್ನಮೆಂಟಿನ ನಿಯಮಾವಳಿಯ ಪ್ರತಿಯನ್ನು ಕೇಳಿ, ಕೊನೆಯ ಕೈಯಲ್ಲಿ 8,000ಕ್ಕೆ 7,000 ಎದುರಿದ್ದಾಗ ಎಷ್ಟು ಪಣ ಹಾಕಬೇಕೆಂದು ಅವನಿಂದಲೇ ಹೇಳಿಸಿ ನೋಡಿ.