ಬ್ರಿಟನ್ ಸರ್ಕಾರದ ಮಕ್ಕಳ ಜೀವನಾಂಶ ಕ್ಯಾಲ್ಕುಲೇಟರ್: ಸೂತ್ರ ಪಕ್ಕಾ, ಎಡವುವುದು ನಾವು ತುಂಬುವ ಅಂಕಿಗಳಲ್ಲಿ

ಬೇರೆಯಾದ ತಂದೆ ತಾಯಿ ಬ್ರಿಟನ್‌ನಲ್ಲಿದ್ದರೆ, ಜೀವನಾಂಶದ ಮಾತುಕತೆಗೆ ಕೂರುವ ಮೊದಲು ಸರ್ಕಾರಿ ಜಾಲತಾಣದ ಈ ಕ್ಯಾಲ್ಕುಲೇಟರ್ ತೆರೆದು ನೋಡಬೇಕು. ಪುಕ್ಕಟೆ, ಹೆಸರು ಹೇಳಬೇಕಿಲ್ಲ. ಬರುವ ಉತ್ತರ ಅಂದಾಜು ಮಾತ್ರ, ಆದೇಶವಲ್ಲ. ಆದರೆ ಜೀವನಾಂಶ ನಿಗದಿ ಮಾಡುವ ಸರ್ಕಾರಿ ಇಲಾಖೆ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಅನುಸರಿಸುವ ಸೂತ್ರವೇ ಇದರಲ್ಲೂ ಇರುವುದರಿಂದ ಜಗಳಕ್ಕೆ ಅರ್ಧ ಕಡಿವಾಣ ಬೀಳುತ್ತದೆ.

ಲೆಕ್ಕಕ್ಕೆ ಬರುವುದು ಹಣ ಕೊಡುವವರ ಆದಾಯ ಮಾತ್ರ. ತೆರಿಗೆ ಹಿಡಿಯುವ ಮುಂಚಿನ ವಾರದ ಆದಾಯದಲ್ಲಿ ಪಿಂಚಣಿ ವಂತಿಗೆ ಕಳೆಯಿರಿ. ಉಳಿದದ್ದು 200ರಿಂದ 800 ಪೌಂಡ್ ಒಳಗಿದ್ದರೆ ಒಂದು ಮಗುವಿಗೆ ಶೇ. 12, ಎರಡಕ್ಕೆ 16, ಮೂರು ಅಥವಾ ಹೆಚ್ಚಿದ್ದರೆ 19. 800 ದಾಟಿದ ಭಾಗಕ್ಕೆ ಕ್ರಮವಾಗಿ 9, 12, 15. ಕೈಗೆ ಬರುವ ಸಂಬಳವನ್ನು ತುಂಬುವುದು ಎಲ್ಲರೂ ಮಾಡುವ ತಪ್ಪು. ಮೊತ್ತ ಅಲ್ಲೇ ಕುಸಿಯುತ್ತದೆ. ಕೊಡುವವರ ಮನೆಯಲ್ಲಿ ಬೇರೆ ಮಗು ಇದ್ದರೆ ಮೊದಲು ಆದಾಯದಲ್ಲೇ ಶೇ. 11 ಇಳಿಸಿ, ಆಮೇಲೆ ದರ ಹಾಕುತ್ತಾರೆ.

ನಿಜವಾದ ಪೇಚು ರಾತ್ರಿಗಳದ್ದು. ಮಗು ಕೊಡುವವರ ಮನೆಯಲ್ಲಿ ವರ್ಷಕ್ಕೆ 52ರಿಂದ 103 ರಾತ್ರಿ ಉಳಿದರೆ ಏಳನೇ ಒಂದು ಭಾಗ ಕಡಿತ, 104ರಿಂದ 155 ಆದರೆ ಏಳನೇ ಎರಡು, 156ರಿಂದ 174ಕ್ಕೆ ಏಳನೇ ಮೂರು. 600 ಪೌಂಡ್ ಆದಾಯ, ಒಂದು ಮಗು ಎಂದಿಟ್ಟುಕೊಳ್ಳಿ: ಮೂಲ ಮೊತ್ತ ವಾರಕ್ಕೆ 72 ಪೌಂಡ್. 103 ರಾತ್ರಿಗೆ ಅದು 61.71, 104ಕ್ಕೆ 51.43. ಒಂದೇ ಒಂದು ರಾತ್ರಿಗೆ ವರ್ಷದಲ್ಲಿ ಸುಮಾರು 535 ಪೌಂಡ್ ವ್ಯತ್ಯಾಸ! ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸೂತ್ರ ಮಗುವಿನ ರಾತ್ರಿಗಳನ್ನೇ ಚೌಕಾಸಿಗೆ ಇಡುತ್ತದೆ, ಇದು ಸರಿಯಲ್ಲ. "ವಾರಾಂತ್ಯಕ್ಕೆ ಬಂದಿರುತ್ತೆ" ಎಂದು ಅಂದಾಜು ಹಾಕಬೇಡಿ; ರಜಾದಿನಗಳನ್ನೂ ಸೇರಿಸಿ ಕ್ಯಾಲೆಂಡರ್ ನೋಡಿ ಎಣಿಸಿ, ಇಬ್ಬರೂ ಒಪ್ಪಿದ್ದನ್ನು ಬರೆದಿಡಿ.

ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ಗೆ ಅರ್ಜಿ ಹಾಕಿದ ಮೇಲೆ ಮೊತ್ತ ಬದಲಾಗುವುದೂ ಉಂಟು. ಇಲಾಖೆ ಸಾಮಾನ್ಯವಾಗಿ ತೆರಿಗೆ ದಾಖಲೆಯಲ್ಲಿರುವ ಹಿಂದಿನ ವರ್ಷದ ಆದಾಯ ಹಿಡಿಯುತ್ತದೆ. ಈಗಿನದು ಅದಕ್ಕಿಂತ ಶೇ. 25ರಷ್ಟಾದರೂ ಹೆಚ್ಚು ಕಡಿಮೆ ಇದ್ದರೆ ಮಾತ್ರ ಹೊಸದು. ಬಾಡಿಗೆ, ಬಡ್ಡಿಯಂಥ ಆದಾಯ ತಾನಾಗಿ ಸೇರುವುದಿಲ್ಲ. ಅದು ವರ್ಷಕ್ಕೆ 2500 ಪೌಂಡ್ ಮುಟ್ಟಿದ್ದರೆ, ಪಡೆಯುವವರು ಬದಲಾವಣೆ ಕೋರಿ ಪ್ರತ್ಯೇಕವಾಗಿ ಕೇಳಬೇಕು.