ಗೋಡೆಗೆ ಮೂರು ಅಂಕ, ಉರ್ರಾಕಿಗೆ ಎಂಟು

ಗೋವಾದ ವಾಸ್ಕೋದಲ್ಲಿ ಬಾರುಗಳಿಗೆ ಬರವಿಲ್ಲ. ಆದರೆ ಬಂದರಿನ ಕಡೆ ಹೋಗುವ ರಸ್ತೆಯಲ್ಲಿ ಈ ವರ್ಷ ತೆರೆದಿರುವ ಬಾರೊಂದು ಕುಡಿತದ ಇಂಗ್ಲಿಷ್ ಆಡುಮಾತುಗಳನ್ನೇ ಅಲಂಕಾರ ಮಾಡಿಕೊಂಡಿದೆ. ನೆಲದಿಂದ ಸೂರಿನವರೆಗೆ ಒಂದಿಡೀ ಗೋಡೆಯ ತುಂಬ ಪದಗಳು, ಪಕ್ಕದಲ್ಲಿ ಚಿತ್ರ, ಕೆಳಗೆ ಅವು ಹುಟ್ಟಿದ ಕಥೆ. ನಾನು ಹಡಗಿನ ಡೆಕ್ಕಿನ ಮೇಲೆ ಹಗ್ಗ ಎಳೆದು ನಿವೃತ್ತನಾದ ಕಾರವಾರದವನು. ಮೆನು ಕೈಗೆ ಬರುವ ಮೊದಲೇ ಗೋಡೆಯೊಡನೆ ಜಗಳ ಶುರುವಾಯಿತು.

‘ತ್ರೀ ಶೀಟ್ಸ್ ಟು ದ ವಿಂಡ್’ ಎಂಬುದರ ಪಕ್ಕ ಮೂರು ಹಾಯಿಗಳು ಗಾಳಿ ತುಂಬಿ ಉಬ್ಬಿವೆ. ಚೆಂದದ ಚಿತ್ರ, ಪೂರ್ತಿ ತಪ್ಪು. ಹಡಗಿನವರ ಬಾಯಲ್ಲಿ ಶೀಟ್ ಎಂದರೆ ಬಟ್ಟೆಯಲ್ಲ, ಹಾಯಿಯ ಕೆಳಮೂಲೆಯನ್ನು ಬಿಗಿದಿಡುವ ಹಗ್ಗ. ಅದು ಕಳಚಿಕೊಂಡರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಮೂರು ಹಗ್ಗ ಕಳಚಿದರೆ ಯಾವ ಕಡೆ ಹೋಗುತ್ತಿದ್ದೇನೆಂಬುದು ಹಡಗಿಗೇ ಗೊತ್ತಿರುವುದಿಲ್ಲ. ಕುಡಿದವನ ಸ್ಥಿತಿ ಅದು. ಚಿತ್ರದಲ್ಲಿರುವ ಹಡಗೋ, ಬಾರಿನಿಂದ ಹೊರಟು ನೆಟ್ಟಗೆ ಮನೆ ಸೇರುತ್ತದೆ!

‘ಗ್ರಾಗ್’ ವಿಷಯದಲ್ಲಿ ಗೋಡೆ ಸರಿಯಾಗಿದೆ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವೆರ್ನನ್ ಗ್ರೋಗ್ರಾಮ್ ಎಂಬ ಒರಟು ಬಟ್ಟೆಯ ಕೋಟು ತೊಡುತ್ತಿದ್ದ. ಅದಕ್ಕೇ ನಾವಿಕರು ಅವನನ್ನು ‘ಓಲ್ಡ್ ಗ್ರಾಗ್’ ಎನ್ನುತ್ತಿದ್ದರು. ರಮ್ಮಿಗೆ ನಾಲ್ಕು ಪಾಲು ನೀರು ಬೆರೆಸಿಯೇ ಹಂಚಬೇಕೆಂದು 1740ರಲ್ಲಿ ಅವನು ಆಜ್ಞೆ ಹೊರಡಿಸಿದ. ಆ ನೀರು ರಮ್ಮಿಗೆ ಅವನ ಅಡ್ಡಹೆಸರೇ ಅಂಟಿತು, ಕುಡಿದು ತೂರಾಡುವವನು ‘ಗ್ರಾಗಿ’ ಆದ. ಅಮಲು ಇಳಿಸಲು ಹೊರಟವನ ಹೆಸರೇ ಅಮಲಿಗೆ! ನಾವಿಕರು ಸೇಡು ತೀರಿಸಿಕೊಳ್ಳುವುದು ಹೀಗೆ. ನೌಕಾಪಡೆಯ ದಿನನಿತ್ಯದ ರಮ್ಮಿನ ಪಾಲು ನಿಂತದ್ದು 1970ರ ಜುಲೈ 31ರಂದು ಎಂದೂ ಬರೆದಿದ್ದರೆ ಇನ್ನೊಂದು ಅಂಕ ಕೊಡುತ್ತಿದ್ದೆ.

ಕುಡಿತ ಬಿಟ್ಟವನಿಗೆ ‘ಆನ್ ದ ವ್ಯಾಗನ್’ ಎನ್ನುತ್ತಾರಲ್ಲ, ಅದಕ್ಕೆ ಗೋಡೆ ಕೊಡುವ ಕಾರಣ ಲಂಡನ್ನಿನ ಗಲ್ಲುಗಂಬಕ್ಕೆ ಹೊರಟ ಕೈದಿ, ದಾರಿಯಲ್ಲಿ ಅವನಿಗೆ ಕಡೆಯ ಗುಟುಕು, ಮತ್ತೆ ವ್ಯಾಗನ್ ಅಂದರೆ ಬಂಡಿ ಹತ್ತಿದ ಮೇಲೆ ಕುಡಿತವಿಲ್ಲ. ಕಟ್ಟುಕಥೆ. ಮೂಲ ಮಾತಿನಲ್ಲಿದ್ದದ್ದು ‘ವಾಟರ್ ವ್ಯಾಗನ್’, ಅಮೆರಿಕದ ಊರುಗಳಲ್ಲಿ ಧೂಳು ಅಡಗಿಸಲು ಬೀದಿಗೆ ನೀರು ಚಿಮುಕಿಸುತ್ತಿದ್ದ ಬಂಡಿ. ಆ ನೀರನ್ನೇ ಕುಡಿದೇನು, ಹೆಂಡ ಮುಟ್ಟೆ ಎಂಬ ಪ್ರತಿಜ್ಞೆ ಅದು.

ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲೇ ತನ್ನ ಪತ್ರಿಕೆಯಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಮಾತುಗಳನ್ನು ಅಚ್ಚು ಹಾಕಿದ್ದ. ಗೋಡೆಯಲ್ಲಿ ಅವನ ಸುದ್ದಿಯಿಲ್ಲ, ಹೋಗಲಿ. ‘ಟಾಡಿ’ ಹಿಂದಿಯ ತಾಡಿಯಿಂದ ಹೋದ ಪದ, ಇಂಗ್ಲಿಷರ ಪಂಚ್ ಎಂಬ ಬೆರಕೆ ಪಾನೀಯದ ಬಟ್ಟಲಿಗೆ ಗೋವಾದ ಅರಾಕ್ ಎಂಬ ಸಾರಾಯಿ ಬೀಳುತ್ತಿತ್ತು. ಗೋವಾದಲ್ಲಿ ಅಂಗಡಿ ಇಟ್ಟುಕೊಂಡು ಇವನ್ನೂ ಮರೆಯುವುದೆಂದರೆ? ಬಾದಾಮಿ ಕಡೆಯ ಮಾಣಿಯನ್ನು ಕೇಳಿದೆ. “ಸಾಹೇಬರೇ, ಎಲ್ಲರೂ ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಓದಿದವರು ನೀವೊಬ್ಬರೇ” ಎಂದ.

ಗ್ಲಾಸಿನ ವಿಷಯದಲ್ಲಿ ಮಾತ್ರ ಇವರು ಪ್ರಾಮಾಣಿಕರು. ಗೇರುಹಣ್ಣಿನ ರಸವನ್ನು ಒಂದೇ ಸಲ ಭಟ್ಟಿ ಇಳಿಸಿದರೆ ಉರ್ರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. ಬೇಸಿಗೆ ಮುಗಿದರೆ ಉರ್ರಾಕ್ ಸಿಗದು. ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕೊಟ್ಟರು; ಹಣ್ಣಿನ ಘಮ ಮಂಕಾಗಿರಲಿಲ್ಲ. ಬಂಗಡೆಗೆ ತುಂಬಿದ ರೆಶಾದ್ ಮಸಾಲೆಯಲ್ಲಿ ವಿನೆಗರ್ ಅತಿಯಾಗಿತ್ತು, ಮೀನು ತಾಜಾ. ಸ್ಕ್ವಿಡ್ ಹುರಿದದ್ದು ರಬ್ಬರು. ಶೌಚಾಲಯ ಸ್ವಚ್ಛ.

ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ‘ಸನ್ ಓವರ್ ದ ಯಾರ್ಡ್‌ಆರ್ಮ್’ ಎಂಬ ರಿಯಾಯಿತಿಯಿದೆ. ಸೂರ್ಯ ಹಾಯಿಯ ಅಡ್ಡಮರದ ಮೇಲಕ್ಕೆ ಏರಿದಾಗ ಮೊದಲ ಗುಟುಕು ಎಂಬ ಹಡಗಿನ ಪದ್ಧತಿಗೆ ಹೊತ್ತು ಸರಿಯಾಗಿಯೇ ಹೊಂದುತ್ತದೆ. ಆದರೆ ಆ ರಿಯಾಯಿತಿ ಉರ್ರಾಕಿಗೆ ಅನ್ವಯಿಸುವುದಿಲ್ಲ, ಬಿಲ್ಲು ಬಂದ ಮೇಲಷ್ಟೇ ಹೇಳುತ್ತಾರೆ. ಮೊದಲೇ ಕೇಳಿಕೊಳ್ಳಿ.