ಕೆಂಪೇಗೌಡ ವಿಮಾನ ನಿಲ್ದಾಣ: ಗೇಟಿನ ಒಳಗೊಂದು ಲೆಕ್ಕ, ಹೊರಗೊಂದು ಲೆಕ್ಕ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ, ತೂಗುಬಿಟ್ಟ ಹಸಿರು ಮತ್ತು ನೀರಿನ ಕೊಳಗಳನ್ನು ಹೊಗಳಿ, ಕಾಫಿಯ ಬೆಲೆಯನ್ನು ತೆಗಳಿ ಮುಗಿದುಬಿಡುತ್ತವೆ. ಆ ಹೊಗಳಿಕೆಯೂ ತೆಗಳಿಕೆಯೂ ನ್ಯಾಯವಾದವೇ. ಆದರೆ ಇಲ್ಲಿಂದ ವಿಮಾನ ಏರುವ ಪ್ರತಿಯೊಬ್ಬರೂ ಟಿಕೆಟ್ಟಿನೊಳಗೆ ಸೇರಿಕೊಂಡ ಬಳಕೆದಾರರ ಅಭಿವೃದ್ಧಿ ಶುಲ್ಕ, ಅಂದರೆ ಯುಡಿಎಫ್, ಕೊಟ್ಟೇ ಒಳಗೆ ಬರುತ್ತಾರೆ. ಆ ಹಣ ಸಲ್ಲುವುದು 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಂಪನಿ (ಬಿಐಎಎಲ್) ಸಹಿ ಹಾಕಿದ ಕನ್ಸೆಷನ್ ಒಪ್ಪಂದದಂತೆ, ಅಂದರೆ ನಿಲ್ದಾಣ ಕಟ್ಟಿ ಇಂತಿಷ್ಟು ವರ್ಷ ನಡೆಸುವ ಹಕ್ಕನ್ನು ಕಂಪನಿಗೆ ಕೊಟ್ಟ ಒಪ್ಪಂದದಂತೆ, ನಡೆಯುತ್ತಿರುವ ಸೇವೆಗೆ. ಆದ್ದರಿಂದ ಈ ವಿಮರ್ಶೆ ಆ ಒಪ್ಪಂದವನ್ನೂ ಸೇರಿಸಿಕೊಂಡೇ ಬರೆದದ್ದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಪ್ಪಂದವು ಯಾವ ಕೆಲಸವನ್ನು ಯಾರ ಹೊಣೆಯೆಂದು ಬರೆದಿಟ್ಟಿತೋ ಆ ಕೆಲಸ ಚೆನ್ನಾಗಿ ಆಗಿದೆ, ಬರೆಯದೆ ಬಿಟ್ಟದ್ದು ಇಂದಿಗೂ ಅರ್ಧದಲ್ಲೇ ನಿಂತಿದೆ.

ಬೆಂಗಳೂರಿಗೆ ಹೊಸ ವಿಮಾನ ನಿಲ್ದಾಣ ಬೇಕೆಂಬ ಮಾತು 1990ರ ದಶಕದ ಆರಂಭದಷ್ಟು ಹಳೆಯದು. ಟಾಟಾ ಸಮೂಹ, ಅಮೆರಿಕದ ರೇಥಿಯಾನ್ ಮತ್ತು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣ ಸೇರಿದ ಕೂಟವೊಂದು 1995ರಲ್ಲಿ ಸರ್ಕಾರದೊಂದಿಗೆ ಒಡಂಬಡಿಕೆ ಮಾಡಿಕೊಂಡಿತಾದರೂ, ಅನುಮತಿಗಳ ವಿಳಂಬ ಮತ್ತು ಹಳೆಯ ಎಚ್‌ಎಎಲ್ ನಿಲ್ದಾಣದ ಗತಿ ಏನೆಂಬ ಅನಿಶ್ಚಿತತೆಯಿಂದ ಬೇಸತ್ತು 1998ರಲ್ಲಿ ಹಿಂದೆ ಸರಿಯಿತು. ಮುಂದೆ ಬಂದ ಒಪ್ಪಂದದ ಸ್ವರೂಪವನ್ನು ಬಹುಮಟ್ಟಿಗೆ ಈ ಸೋಲೇ ನಿರ್ಧರಿಸಿತು ಎಂದು ನನಗೆ ಅನಿಸುತ್ತದೆ. ಒಮ್ಮೆ ಕೈಬಿಟ್ಟು ಹೋದ ಹೂಡಿಕೆದಾರರನ್ನು ಮತ್ತೆ ಕರೆತರಲು ಸರ್ಕಾರ ಎರಡು ದೊಡ್ಡ ಭರವಸೆಗಳನ್ನು ಕೊಡಬೇಕಾಯಿತು. ಹೊಸ ನಿಲ್ದಾಣ ತೆರೆದ ದಿನ ಎಚ್‌ಎಎಲ್ ನಿಲ್ದಾಣದ ವಾಣಿಜ್ಯ ಹಾರಾಟ ನಿಲ್ಲುತ್ತದೆ ಎಂಬುದು ಒಂದು. ಮೈಸೂರು ಮತ್ತು ಹಾಸನಗಳನ್ನು ಹೊರತುಪಡಿಸಿ 150 ಕಿಲೋಮೀಟರ್ ವೈಮಾನಿಕ ದೂರದೊಳಗೆ 25 ವರ್ಷ ಮತ್ತೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರುವುದಿಲ್ಲ ಎಂಬುದು ಇನ್ನೊಂದು.

ಹಣದ ಏರ್ಪಾಡು ಹೀಗಿತ್ತು. ಬಿಐಎಎಲ್‌ನಲ್ಲಿ ಆರಂಭದಲ್ಲಿ ಸೀಮೆನ್ಸ್ ಶೇ 40, ಜ್ಯೂರಿಕ್ ವಿಮಾನ ನಿಲ್ದಾಣ ಸಂಸ್ಥೆ ಮತ್ತು ಲಾರ್ಸನ್ ಆ್ಯಂಡ್ ಟೂಬ್ರೊ ತಲಾ ಶೇ 17 ಪಾಲು ಹೊಂದಿದ್ದವು. ಉಳಿದ ಶೇ 26ರಲ್ಲಿ ಅರ್ಧ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಅರ್ಧ ಕರ್ನಾಟಕ ಸರ್ಕಾರದ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮವಾದ ಕೆಎಸ್‌ಐಐಡಿಸಿಯದು. ದೇವನಹಳ್ಳಿ ತಾಲ್ಲೂಕಿನ ಹಳ್ಳಿಗಳಿಂದ ಸ್ವಾಧೀನಪಡಿಸಿಕೊಂಡ ಸುಮಾರು 4,000 ಎಕರೆ ಜಮೀನನ್ನು ಕೆಎಸ್‌ಐಐಡಿಸಿ ಗುತ್ತಿಗೆಗೆ ಕೊಟ್ಟಿತು. ಇದಲ್ಲದೆ ರಾಜ್ಯ ಸರ್ಕಾರ 350 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ನೆರವಿಗೆ ಒಪ್ಪಿಕೊಂಡಿತು. ಕೇಂದ್ರಕ್ಕೆ ಸಲ್ಲಬೇಕಾದ ಕನ್ಸೆಷನ್ ಶುಲ್ಕ ಒಟ್ಟು ಆದಾಯದ ಶೇ 4 ಮಾತ್ರ, ಅದರಲ್ಲೂ ಮೊದಲ ಹತ್ತು ವರ್ಷಗಳದ್ದನ್ನು ಮುಂದೂಡಿ ಕಂತುಗಳಲ್ಲಿ ಕಟ್ಟುವ ಅವಕಾಶವಿತ್ತು. ಅವಧಿ 30 ವರ್ಷ. ಇನ್ನೂ 30 ವರ್ಷ ವಿಸ್ತರಿಸಿಕೊಳ್ಳಬಹುದು. ಖಾಸಗಿ ಹಣದಿಂದ ಕಟ್ಟಿದ ನಿಲ್ದಾಣ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಜಮೀನು, ಈ ಬಡ್ಡಿರಹಿತ ನೆರವು ಮತ್ತು ಈ ಮುಂದೂಡಿದ ಶುಲ್ಕವನ್ನು ಜೊತೆಗಿಟ್ಟು ನೋಡಬೇಕು.

2005ರ ಜುಲೈನಲ್ಲಿ ಕೆಲಸ ಶುರುವಾಗಿ 2008ರ ಮೇ 24ರಂದು ನಿಲ್ದಾಣ ತೆರೆಯಿತು. ನಮ್ಮಲ್ಲಿ ಒಂದು ಮೇಲ್ಸೇತುವೆಗೂ ಸಾಲದ ಅವಧಿಯಲ್ಲಿ ರನ್‌ವೇ ಸಹಿತ ಇಡೀ ನಿಲ್ದಾಣ ಎದ್ದು ನಿಂತಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಸಾಲದ ಬಡ್ಡಿ ಓಡುತ್ತಿರುವಾಗ ಒಂದೊಂದು ತಿಂಗಳ ತಡವೂ ಹೂಡಿಕೆದಾರನ ಜೇಬಿಗೇ ಕತ್ತರಿ ಹಾಕುತ್ತದೆ; ಸರ್ಕಾರಿ–ಖಾಸಗಿ ಸಹಭಾಗಿತ್ವದ ಪರವಾಗಿ ಹೇಳಬಹುದಾದ ವಾದಗಳಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದು ಇದರಲ್ಲೇ. ಆದರೆ ತೆರೆದ ದಿನವೇ ಟರ್ಮಿನಲ್ ಚಿಕ್ಕದೆನಿಸಿತು. ಮೂಲ ಯೋಜನೆಯ ಪ್ರಯಾಣಿಕರ ಅಂದಾಜು ಎಷ್ಟು ಹಳೆಯದಾಗಿತ್ತೆಂದರೆ, ನಿರ್ಮಾಣದ ನಡುವೆಯೇ ವಿನ್ಯಾಸವನ್ನು ತಿದ್ದಿ ಸಾಮರ್ಥ್ಯವನ್ನು ವರ್ಷಕ್ಕೆ ಸುಮಾರು ಒಂದು ಕೋಟಿಗೆ ಏರಿಸಿದರೂ ಬೇಡಿಕೆ ಆಗಲೇ ಅದರ ಹತ್ತಿರ ಬಂದಿತ್ತು. 2013ರ ಕೊನೆಯಲ್ಲಿ ವಿಸ್ತರಣೆ ಮುಗಿಯುವವರೆಗೂ ಪ್ರಯಾಣಿಕರು ನೂಕುನುಗ್ಗಲನ್ನು ಸಹಿಸಿಕೊಂಡೇ ಓಡಾಡಿದರು.

ಇಂದಿನ ಸೇವೆಯ ವಿಷಯಕ್ಕೆ ಬರೋಣ. 2022ರ ನವೆಂಬರಿನಲ್ಲಿ ಉದ್ಘಾಟನೆಗೊಂಡು ಮರುವರ್ಷ ಬಳಕೆಗೆ ಬಂದ ಎರಡನೇ ಟರ್ಮಿನಲ್ ಸುಮಾರು 5,000 ಕೋಟಿ ರೂಪಾಯಿಯ ಕಟ್ಟಡ, ವಿಸ್ತೀರ್ಣ 2.55 ಲಕ್ಷ ಚದರ ಮೀಟರ್, ಸಾಮರ್ಥ್ಯ ವರ್ಷಕ್ಕೆ 2.5 ಕೋಟಿ ಪ್ರಯಾಣಿಕರು. ಅಂದಕ್ಕಿಂತ ನನಗೆ ಹಿಡಿಸಿದ್ದು ಅದರೊಳಗಿನ ದಾರಿಯ ಸ್ಪಷ್ಟತೆ. ಚೆಕ್‌ಇನ್‌ನಿಂದ ಭದ್ರತಾ ತಪಾಸಣೆಗೆ, ಅಲ್ಲಿಂದ ಗೇಟಿಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ, ಕನ್ನಡದ ಫಲಕಗಳು ಕಣ್ಣಿಗೆ ಬೀಳುವ ಜಾಗದಲ್ಲೇ ಇವೆ. ಮುಖಚಹರೆ ಗುರುತಿಸಿ ಒಳಬಿಡುವ ಡಿಜಿಯಾತ್ರಾ ದೇಶದಲ್ಲಿ ಮೊದಲು ಬಂದ ಮೂರು ನಿಲ್ದಾಣಗಳಲ್ಲಿ ಇದೂ ಒಂದು. ದೊಡ್ಡ ಕಟ್ಟಡವಾದ್ದರಿಂದ ನಡಿಗೆ ಹೆಚ್ಚು. ವಯಸ್ಸಾದವರನ್ನು ಕರೆದೊಯ್ಯುವವರು ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಮೊದಲ ಟರ್ಮಿನಲ್ ಇದರ ಮುಂದೆ ಸಪ್ಪೆಯಾಗಿ ಕಾಣುತ್ತದೆ, ಆದರೆ ಕೈಚೀಲವೊಂದನ್ನೇ ಹಿಡಿದು ಹೊರಟವರಿಗೆ ಅಲ್ಲಿಯೇ ಕೆಲಸ ಬೇಗ ಮುಗಿಯುತ್ತದೆ.

ಕಾಫಿಯ ಬೆಲೆ ನಗರದ ದರ್ಶಿನಿಗಳ ಹಲವು ಪಟ್ಟು ಏಕೆ ಎಂಬುದಕ್ಕೆ ಅಂಗಡಿಯವನ ದುರಾಸೆಯೊಂದೇ ಕಾರಣವಲ್ಲ. ನಿಲ್ದಾಣದ ಶುಲ್ಕಗಳನ್ನು ನಿಗದಿ ಮಾಡುವುದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ಅದು ಐದೈದು ವರ್ಷಗಳಿಗೊಮ್ಮೆ ಕಂಪನಿ ಹೂಡಿದ ಆಸ್ತಿಯ ಮೇಲೆ ಇಂತಿಷ್ಟು ಪ್ರತಿಫಲ, ನಿರ್ವಹಣಾ ವೆಚ್ಚ, ಸವಕಳಿ, ತೆರಿಗೆ ಇವನ್ನೆಲ್ಲ ಕೂಡಿಸಿ, ಅದರಲ್ಲಿ ಅಂಗಡಿ, ಪಾರ್ಕಿಂಗ್, ಜಾಹೀರಾತು ಮೊದಲಾದ ವಿಮಾನೇತರ ಆದಾಯದ ಒಂದು ಭಾಗವನ್ನು ಕಳೆದು, ಉಳಿದದ್ದನ್ನು ಪ್ರಯಾಣಿಕರಿಂದಲೂ ವಿಮಾನ ಸಂಸ್ಥೆಗಳಿಂದಲೂ ವಸೂಲು ಮಾಡಲು ಬಿಡುತ್ತದೆ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ಹೀಗೆ ಕಳೆಯುವ ಭಾಗ ಶೇ 30. ಅಂದರೆ ವಿಮಾನೇತರ ಆದಾಯವೆಂದು ಬಂದ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತು ನಮ್ಮ ಶುಲ್ಕವನ್ನು ತಗ್ಗಿಸುತ್ತದೆ, ಎಪ್ಪತ್ತು ಆ ಲೆಕ್ಕದ ಹೊರಗೆ ಕಂಪನಿಯ ಬಳಿಯೇ ಉಳಿಯುತ್ತದೆ. ಇಂಥ ಏರ್ಪಾಡಿನಲ್ಲಿ ಭದ್ರತಾ ತಪಾಸಣೆ ಮುಗಿಸಿ ಬಂದವರನ್ನು ಅಂಗಡಿಗಳ ನಡುವಿನಿಂದಲೇ ಹಾಯಿಸುವುದು ಸಹಜ.

ಈ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. ಸಹಭಾಗಿತ್ವವೆಂದರೆ ನಷ್ಟದ ಅಪಾಯವನ್ನು ಖಾಸಗಿಯವರು ಹೊರುವುದು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಟೋಲ್ ರಸ್ತೆಯಲ್ಲಿ ಅದು ನಿಜ: ವಾಹನಗಳು ಬಾರದಿದ್ದರೆ ಗುತ್ತಿಗೆದಾರ ಮುಳುಗುತ್ತಾನೆ. ಹಾಗೆ ಹಲವರು ಮುಳುಗಿ ಬ್ಯಾಂಕುಗಳ ಸಾಲವೂ ಸಿಕ್ಕಿಬಿದ್ದ ಮೇಲೆಯೇ, ನಿರ್ಮಾಣ ವೆಚ್ಚದ ಶೇ 40ನ್ನು ಸರ್ಕಾರ ಕೆಲಸ ನಡೆಯುವಾಗಲೇ ಕೊಟ್ಟು ಉಳಿದದ್ದನ್ನು ವರ್ಷಗಟ್ಟಲೆ ಕಂತಿನಲ್ಲಿ ತೀರಿಸುವ ಹೈಬ್ರಿಡ್ ಆನ್ಯುಟಿ ಪದ್ಧತಿ 2016ರಲ್ಲಿ ಹೆದ್ದಾರಿಗಳಿಗೆ ಬಂತು. ಬೆಂಗಳೂರು–ಮೈಸೂರು ಹೆದ್ದಾರಿ ಕಟ್ಟಿದ್ದು ಅದೇ ಪದ್ಧತಿಯಲ್ಲಿ. ವಿಮಾನ ನಿಲ್ದಾಣದ ಕಥೆ ಬೇರೆ. ಕೊರೊನಾ ಕಾಲದಲ್ಲಿ ಇಲ್ಲಿನ ಪ್ರಯಾಣಿಕರ ಸಂಖ್ಯೆ ವರ್ಷಕ್ಕೆ ಸುಮಾರು 3.2 ಕೋಟಿಯಿಂದ 1.1 ಕೋಟಿಯ ಆಸುಪಾಸಿಗೆ ಕುಸಿಯಿತು. ಒಂದು ಅವಧಿಯಲ್ಲಿ ಅನುಮತಿಸಿದ ಮೊತ್ತ ವಸೂಲಾಗದೆ ಉಳಿದರೆ ಅದನ್ನು ಮುಂದಿನ ಅವಧಿಯ ಶುಲ್ಕಕ್ಕೆ ಸೇರಿಸಿ ಸರಿದೂಗಿಸಲು ನಿಯಂತ್ರಣ ಪದ್ಧತಿಯಲ್ಲಿ ಅವಕಾಶವಿದೆ. ಅಂದು ಹಾರದಿದ್ದವರ ಬಾಕಿಯನ್ನು ಇಂದು ಹಾರುವವರು ತೀರಿಸುತ್ತಾರೆ. ಹೆಚ್ಚು ವಸೂಲಾಗಿದ್ದರೆ ಮುಂದೆ ಕಳೆಯಲಾಗುತ್ತದೆ ಎಂಬುದೂ ನಿಜ. ಆದ್ದರಿಂದ ಇದನ್ನು ಮೋಸ ಎನ್ನಲಾಗದು. ಆದರೆ ಇಷ್ಟು ಸುರಕ್ಷಿತವಾದ ಹೂಡಿಕೆಗೆ ಅಪಾಯದ ಹೂಡಿಕೆಗೆ ತಕ್ಕ ಪ್ರತಿಫಲ ಕೇಳುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಶುಲ್ಕ ಪರಿಷ್ಕರಣೆಯಾದಾಗಲೆಲ್ಲ ಕೇಳಬೇಕು.

ಹೂಡಿಕೆಯ ಬೆಲೆ ಎಷ್ಟು ಬೆಳೆಯಿತು ಎಂಬುದಕ್ಕೆ ಷೇರುಗಳ ಕೈಬದಲೇ ಸಾಕ್ಷಿ. ಕಟ್ಟಿದವರು ಒಬ್ಬೊಬ್ಬರಾಗಿ ಹೊರಟರು. 2009ರಿಂದ ಪಾಲು ಕೊಳ್ಳುತ್ತ ಶೇ 43ಕ್ಕೆ ಏರಿದ ಜಿವಿಕೆ ಸಂಸ್ಥೆ, ಸಾಲದ ಹೊರೆ ಇಳಿಸಿಕೊಳ್ಳಲು ಶೇ 33ನ್ನು 2,202 ಕೋಟಿ ರೂಪಾಯಿಗೆ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹಕ್ಕೆ ಮಾರಿತು. 2016ರಲ್ಲಿ ಒಪ್ಪಿಕೊಂಡ ಈ ವ್ಯವಹಾರ ಮುಗಿದದ್ದು 2017ರ ಮಾರ್ಚ್‌ನಲ್ಲಿ. ಅದೇ ವರ್ಷ ಉಳಿದ ಶೇ 10 ಪಾಲು 1,290 ಕೋಟಿಗೆ ಹೋಯಿತು. ಮೊದಲ ಲೆಕ್ಕದಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 6,670 ಕೋಟಿ, ಎರಡನೆಯದರಲ್ಲಿ 12,900 ಕೋಟಿ! ಷೇರು ಬಂಡವಾಳವೆಂದು ಎಲ್ಲರೂ ಸೇರಿ ಹಾಕಿದ್ದು ಸುಮಾರು 385 ಕೋಟಿ. ಇದರಲ್ಲಿ ಸಿಟ್ಟಾಗುವ ಮೊದಲು ನೆನಪಿಡಬೇಕಾದದ್ದೆಂದರೆ, ಸುಮಾರು 50 ಕೋಟಿ ಹಾಕಿದ ಕರ್ನಾಟಕದ ಶೇ 13 ಪಾಲಿನ ಬೆಲೆಯೂ ಅದೇ ವೇಗದಲ್ಲಿ ಬೆಳೆದಿದೆ. ಜಮೀನು ಕೊಟ್ಟು ಪಾಲನ್ನು ಇಟ್ಟುಕೊಳ್ಳದೆ ಹೋಗಿದ್ದರೆ ಆ ಏರಿಕೆ ನಮ್ಮದಾಗುತ್ತಿರಲಿಲ್ಲ. ಈ ಒಪ್ಪಂದದಲ್ಲಿ ರಾಜ್ಯ ಮಾಡಿದ ಜಾಣತನದ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಎರಡನೇ ರನ್‌ವೇ, ಎರಡನೇ ಟರ್ಮಿನಲ್ ಮೊದಲಾದ ವಿಸ್ತರಣೆಗೆ ಹಣ ಬಂದದ್ದು ಮುಖ್ಯವಾಗಿ ಸ್ಟೇಟ್ ಬ್ಯಾಂಕ್ ಮತ್ತು ಆ್ಯಕ್ಸಿಸ್ ಬ್ಯಾಂಕ್ ಒದಗಿಸಿದ ಹತ್ತು ಸಾವಿರ ಕೋಟಿಗೂ ಹೆಚ್ಚಿನ ಸಾಲದಿಂದ. ಮುಂದಿನ ವರ್ಷಗಳ ಪ್ರಯಾಣಿಕರ ಶುಲ್ಕ ಖಚಿತವಾಗಿರುವುದರಿಂದಲೇ ಇಷ್ಟು ದೊಡ್ಡ ಸಾಲ ಸಲೀಸಾಗಿ ಹುಟ್ಟುತ್ತದೆ.

ಗೇಟಿನ ಹೊರಗೆ ಇಂಥ ಖಚಿತ ಆದಾಯವಿಲ್ಲ. ನಗರದ ಮಧ್ಯದಿಂದ ಮೂವತ್ತು ಕಿಲೋಮೀಟರಿಗೂ ದೂರದಲ್ಲಿರುವ ನಿಲ್ದಾಣ 2008ರಲ್ಲಿ ತೆರೆದಾಗ ರೈಲಿನ ಸಂಪರ್ಕ ಇರಲಿಲ್ಲ. ಹೆಬ್ಬಾಳದಿಂದ ಎತ್ತರಿಸಿದ ಹೆದ್ದಾರಿ ಬಳಕೆಗೆ ಬಂದದ್ದು 2014ರಲ್ಲಿ, ಅದೂ ಬೇರೊಂದು ಕಂಪನಿಯೊಂದಿಗಿನ ಪ್ರತ್ಯೇಕ ಟೋಲ್ ಒಪ್ಪಂದದಡಿ. ಹೀಗಾಗಿ ಒಂದೇ ಪ್ರಯಾಣದಲ್ಲಿ ಸಾದಹಳ್ಳಿಯ ಟೋಲ್ ಒಂದು ಒಪ್ಪಂದಕ್ಕೂ ಟಿಕೆಟ್ಟಿನಲ್ಲಿನ ಯುಡಿಎಫ್ ಇನ್ನೊಂದಕ್ಕೂ ಹೋಗುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ, ನಿಲ್ದಾಣ ತೆರೆದು ಹದಿಮೂರು ವರ್ಷವಾದ ಮೇಲೆ. ಉಪನಗರ ರೈಲು ಯೋಜನೆಯಲ್ಲಿ ದೇವನಹಳ್ಳಿಗೆ ಹೋಗುವ ‘ಸಂಪಿಗೆ’ ಮಾರ್ಗ ಇದ್ದರೂ ಮೊದಲು ಕೈಗೆತ್ತಿಕೊಂಡದ್ದು ಬೇರೆ ಮಾರ್ಗವನ್ನು. ವಿಮಾನ ನಿಲ್ದಾಣದ ಪ್ರಯಾಣಿಕರಿಗೆಂದು 2021ರ ಜನವರಿಯಲ್ಲಿ ತೆರೆದ ಚಿಕ್ಕ ರೈಲು ನಿಲ್ದಾಣವನ್ನು (ಹಾಲ್ಟ್ ಸ್ಟೇಷನ್) ಕಟ್ಟಿಸಿದ್ದು ಬಿಐಎಎಲ್. ನಿಲ್ಲುವ ರೈಲುಗಳು ಮಾತ್ರ ಬೆರಳೆಣಿಕೆಯಷ್ಟು, ಅವುಗಳ ವೇಳೆ ವಿಮಾನದ ವೇಳೆಗೆ ಹೊಂದಿದರೆ ಅದೃಷ್ಟ. ವಿಮಾನದಲ್ಲಿ ಕಳೆಯುವ ಹೊತ್ತಿಗಿಂತ ಹೆಚ್ಚು ಹೊತ್ತು ಹೆಬ್ಬಾಳದ ಆಚೀಚೆ ಕಳೆದು ಬಂದವರಿಗೆ ಬಿದಿರಿನ ಚಾವಣಿಯನ್ನು ನೋಡುವ ಉತ್ಸಾಹ ಉಳಿದಿರುವುದಿಲ್ಲ.

ನಾನು ಶಿಫಾರಸು ಮಾಡುವುದು ಬಿಎಂಟಿಸಿಯ ವಾಯುವಜ್ರ ಬಸ್ಸನ್ನು. ಸರ್ಕಾರಿ ಸಾರಿಗೆ ಸಂಸ್ಥೆ ನಡೆಸುವ ಈ ಸೇವೆ ಮೆಜೆಸ್ಟಿಕ್, ಎಲೆಕ್ಟ್ರಾನಿಕ್ ಸಿಟಿ ಮೊದಲಾದ ಕಡೆಗೆ ಹೊತ್ತುಹೊತ್ತಿಗೆ ಓಡುತ್ತದೆ, ದರ ಟ್ಯಾಕ್ಸಿಯ ಒಂದು ಪಾಲು ಮಾತ್ರ, ಸಾಮಾನು ಇಡಲು ಜಾಗವೂ ಇದೆ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಸ್ವಂತ ಕಾರಿನಲ್ಲಿ ಯಾರನ್ನಾದರೂ ಕರೆತರಲು ಹೋಗುವವರು ಪಿಕ್‌ಅಪ್ ಪಥದ ಆಯಾ ಹೊತ್ತಿನ ನಿಯಮವನ್ನು ನೋಡಿಕೊಂಡೇ ಹೊರಡಬೇಕು: 2024ರ ಮೇ ತಿಂಗಳಲ್ಲಿ ಅಲ್ಲಿ ಶುಲ್ಕ ವಿಧಿಸಲು ಹೊರಟು, ಚಾಲಕರೂ ಪ್ರಯಾಣಿಕರೂ ಪ್ರತಿಭಟಿಸಿದ ಮೇಲೆ ಹಿಂತೆಗೆದುಕೊಳ್ಳಲಾಗಿತ್ತು. ದಟ್ಟಣೆ ತಗ್ಗಿಸಬೇಕೆಂಬ ಕಾರಣ ಒಪ್ಪತಕ್ಕದ್ದೇ, ಆದರೆ ಬೇರೆ ದಾರಿಯೇ ಸರಿಯಾಗಿಲ್ಲದ ಕಡೆ ಶುಲ್ಕವೊಂದೇ ದಟ್ಟಣೆಯನ್ನು ಕರಗಿಸುವುದಿಲ್ಲ.

2024–25ರಲ್ಲಿ ಈ ನಿಲ್ದಾಣದಿಂದ 4.18 ಕೋಟಿ ಪ್ರಯಾಣಿಕರು ಓಡಾಡಿದರು. 150 ಕಿಲೋಮೀಟರ್ ಷರತ್ತು 2033ರಲ್ಲಿ ಮುಗಿಯುತ್ತದೆ. ಕನಕಪುರ ರಸ್ತೆ ಮತ್ತು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಎರಡನೇ ವಿಮಾನ ನಿಲ್ದಾಣಕ್ಕೆ ಜಾಗ ನೋಡುವ ಕೆಲಸ ನಡೆದಿದೆ. ಗಡಿಯಾಚೆ ತಮಿಳುನಾಡು ಹೊಸೂರಿನಲ್ಲಿ ನಿಲ್ದಾಣ ಕಟ್ಟುವುದಾಗಿ 2024ರಲ್ಲೇ ಘೋಷಿಸಿದೆ. ಹೊಸ ಒಪ್ಪಂದ ಬರೆಯುವವರು ದೇವನಹಳ್ಳಿಯಿಂದ ಶೇ 26ರ ಸಾರ್ವಜನಿಕ ಪಾಲನ್ನು ಹಾಗೆಯೇ ತೆಗೆದುಕೊಳ್ಳಲಿ, ಸಾಧ್ಯವಾದರೆ ಹೆಚ್ಚಿಸಲಿ. ರೈಲು ಮಾರ್ಗದ ಹಣ ಯಾರದು, ಗಡುವು ಯಾವಾಗ, ತಪ್ಪಿದರೆ ದಂಡ ಕಟ್ಟುವವರು ಯಾರು ಎಂಬ ಷರತ್ತುಗಳು ಮಾತ್ರ ಈ ಸಲ ರನ್‌ವೇಯ ಷರತ್ತುಗಳ ಜೊತೆಯಲ್ಲೇ, ಅದೇ ಒಪ್ಪಂದದೊಳಗೆ ಇರಬೇಕು.